ನಕಲಿ ವ್ಯಾಲೆಟ್ ತಾಣ ಮತ್ತು ಆ ಒಂಬತ್ತು ಗಂಟೆ

2022ರ ಏಪ್ರಿಲ್ ಮೊದಲ ವಾರ ಟ್ರೆಜರ್ ಎಂಬ ಕ್ರಿಪ್ಟೊ ವ್ಯಾಲೆಟ್ ಇಟ್ಟುಕೊಂಡಿದ್ದ ಅನೇಕರಿಗೆ ಒಂದು ಇ-ಮೇಲ್ ಬಂತು. ಕಂಪನಿಯ ಸರ್ವರ್‌ಗೆ ಕನ್ನ ಬಿದ್ದಿದೆ, 1,06,856 ಗ್ರಾಹಕರ ಮಾಹಿತಿ ಸೋರಿದೆ, ಕೂಡಲೇ ಹೊಸ ಆ್ಯಪ್ ಇಳಿಸಿಕೊಂಡು ಪಿನ್ ಬದಲಿಸಿಕೊಳ್ಳಬೇಕು ಎಂದು ಅದರಲ್ಲಿತ್ತು. ಅದನ್ನು ಕಳಿಸಿದವರು ಕಂಪನಿಯವರಾಗಿರಲಿಲ್ಲ. ಟ್ರೆಜರ್ ತನ್ನ ಸುದ್ದಿಪತ್ರ ಕಳಿಸಲು ಬಳಸುತ್ತಿದ್ದ ಮೇಲ್‌ಚಿಂಪ್ ಸೇವೆಯೊಳಗೆ ನುಗ್ಗಿ ಗ್ರಾಹಕರ ವಿಳಾಸಪಟ್ಟಿ ಎತ್ತಿಕೊಂಡವರ ಕೆಲಸ ಅದು. ಅದರಲ್ಲಿದ್ದ ಲಿಂಕ್ ಒತ್ತಿದರೆ ತೆರೆಯುತ್ತಿದ್ದ ತಾಣದ ಹೆಸರಿನಲ್ಲಿ ಟ್ರೆಜರ್ ಎಂದೇ ಇತ್ತು. ಇಂಗ್ಲಿಷಿನ ‘ಇ’ ಅಕ್ಷರದ ಕೆಳಗೆ ಮಾತ್ರ ಒಂದು ಸಣ್ಣ ಚುಕ್ಕೆ. ಮೊಬೈಲ್ ಪರದೆಯಲ್ಲಿ ಅದು ಕಣ್ಣಿಗೆ ಬೀಳುವುದೇ ಕಷ್ಟ. ಅಲ್ಲಿಂದ ಇಳಿಸಿಕೊಂಡ ಆ್ಯಪ್ ನೋಡಲು ಅಸಲಿಯಂತೆಯೇ ಇತ್ತು. ಟ್ರೆಜರ್‌ನ ಸಾಫ್ಟ್‌ವೇರ್ ಮುಕ್ತ ತಂತ್ರಾಂಶವಾದ್ದರಿಂದ ಕಳ್ಳರು ಅದನ್ನೇ ತೆಗೆದುಕೊಂಡು ಅಲ್ಲಲ್ಲಿ ತಿದ್ದಿದ್ದರು. ಫಿಶಿಂಗ್, ಅಂದರೆ ನಕಲಿ ತಾಣದ ಮೋಸದ ಬಗ್ಗೆ ಎಚ್ಚರವಿರಲಿ ಎಂದು ಕಂಪನಿ ಹಾಕಿದ್ದ ಪಟ್ಟಿ ಕೂಡ ಆ ನಕಲಿ ಆ್ಯಪಿನ ನೆತ್ತಿಯ ಮೇಲೆ ಹಾಗೆಯೇ ಉಳಿದಿತ್ತು.

ಆ ಆ್ಯಪ್ ಕೇಳುತ್ತಿದ್ದುದು ಒಂದೇ: ಸೀಡ್ ಫ್ರೇಸ್. ಕ್ರಿಪ್ಟೊ ವ್ಯಾಲೆಟ್ ಮಾಡಿಕೊಂಡವರಿಗೆಲ್ಲ ಇದು ಗೊತ್ತು. 2,048 ಪದಗಳ ಸಿದ್ಧಪಟ್ಟಿಯೊಂದರಿಂದ ಯಂತ್ರವೇ ಆರಿಸಿಕೊಡುವ 12 ಅಥವಾ 24 ಪದಗಳ ಸಾಲು ಅದು. ಆ ಪದಗಳು ಯಾರ ಕೈಯಲ್ಲಿವೆಯೋ ಹಣ ಅವರದು. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಎಟಿಎಂ ಕಾರ್ಡ್ ಹೋದರೆ ಬ್ಲಾಕ್ ಮಾಡಿಸಬಹುದು. ಸೀಡ್ ಹೋದ ಮೇಲೆ ಓಡಿಹೋಗಿ ಕೇಳಲು ಬ್ರ್ಯಾಂಚ್ ಇಲ್ಲ, ಮ್ಯಾನೇಜರ್ ಇಲ್ಲ, ನಡೆದ ವಹಿವಾಟನ್ನು ಹಿಂದಕ್ಕೆ ತಿರುಗಿಸುವ ಗುಂಡಿಯೂ ಇಲ್ಲ. ಬ್ಯಾಂಕ್ ಫಿಶಿಂಗಿಗೂ ವ್ಯಾಲೆಟ್ ಫಿಶಿಂಗಿಗೂ ಇರುವ ಮುಖ್ಯ ವ್ಯತ್ಯಾಸ ಇದೇ. ಬ್ಯಾಂಕಿನ ಹಣ ಕಳ್ಳನ ಖಾತೆ ತಲುಪಿದ ಮೇಲೂ ತಡೆಹಿಡಿಯಲು ಒಂದಿಷ್ಟು ಸಮಯ ಸಿಗುತ್ತದೆ. ಇಲ್ಲಿ ಮಾಡುವುದೆಲ್ಲ ಮುಂಚೆಯೇ ಆಗಬೇಕು. ಹಾಗಾಗಿ ನಕಲಿ ತಾಣವನ್ನು ಎಷ್ಟು ಬೇಗ ಪತ್ತೆ ಹಚ್ಚುತ್ತಾರೆ, ಯಾರು ಕೆಡವುತ್ತಾರೆ, ಕೆಡವಿದರೂ ಉಪಯೋಗವಾಗದ ಜಾಗ ಯಾವುದು ಎಂಬ ಪ್ರಶ್ನೆಗಳು ಇಲ್ಲಿ ಬೇರೆಲ್ಲ ಕಡೆಗಿಂತ ಹೆಚ್ಚು ತೂಕದವು.

ಸೀಡ್ ಕದಿಯುವುದು ಹಳೆಯ ದಾರಿ. ಈಗ ಹೆಚ್ಚು ನಡೆಯುತ್ತಿರುವುದು ಸಹಿ ಕದಿಯುವ ವಿದ್ಯೆ. ಇಥೀರಿಯಂ ಮತ್ತು ಅದರಂತಹ ಜಾಲಗಳಲ್ಲಿ ನನ್ನ ಟೋಕನ್‌ಗಳನ್ನು ಇಂಥವರು ತೆಗೆದುಕೊಳ್ಳಬಹುದು ಎಂದು ಒಪ್ಪಿಗೆ ಕೊಡುವ ವ್ಯವಸ್ಥೆ ಇದೆ. ವಿನಿಮಯ ತಾಣಗಳು ಕೆಲಸ ಮಾಡುವುದೇ ಅದರ ಮೇಲೆ. ನಕಲಿ ತಾಣ ಉಚಿತ ಟೋಕನ್ ಕೊಡುತ್ತೇವೆಂದು ಹೇಳಿ ವ್ಯಾಲೆಟ್ ಜೋಡಿಸಲು ಕೇಳುತ್ತದೆ, ಆಮೇಲೆ ಒಂದು ಸಹಿ ಕೇಳುತ್ತದೆ. ಪಾಪ, ಮುಂದಿರುವವರಿಗೆ ಅದು ಲಾಗಿನ್ ಆದಂತೆ ಕಾಣುತ್ತದೆ. ವಾಸ್ತವದಲ್ಲಿ ಅವರು ಮೊತ್ತ ಬರೆಯದ ಚೆಕ್ಕಿಗೆ ಸಹಿ ಹಾಕಿರುತ್ತಾರೆ. ‘ಪರ್ಮಿಟ್’ ಎಂಬ ಬಗೆಯ ಸಹಿಯಂತೂ ಆ ಕ್ಷಣದಲ್ಲಿ ಬ್ಲಾಕ್‌ಚೈನ್ ಮೇಲೆ ದಾಖಲಾಗುವುದೇ ಇಲ್ಲ, ಶುಲ್ಕವನ್ನೂ ಕೇಳುವುದಿಲ್ಲ. ಕಳ್ಳ ಅದನ್ನು ಜೇಬಿನಲ್ಲಿಟ್ಟುಕೊಂಡು ತನಗೆ ಬೇಕಾದಾಗ ಬಳಸುತ್ತಾನೆ. ಹಣ ಹೋದಾಗ ಯಾವ ತಾಣದಲ್ಲಿ ಎಡವಿದೆವು ಎಂಬ ನೆನಪೂ ಎಷ್ಟೋ ಜನರಿಗೆ ಇರುವುದಿಲ್ಲ.

ಈ ಕೆಲಸಕ್ಕೆ ಬೇಕಾದ ಸಿದ್ಧ ಸರಂಜಾಮನ್ನು ಬಾಡಿಗೆಗೆ ಕೊಡುವವರು ಹುಟ್ಟಿಕೊಂಡಿದ್ದಾರೆ. ಅವುಗಳ ಹೆಸರು ಡ್ರೈನರ್. ಮಂಕಿ, ಪಿಂಕ್, ಏಂಜೆಲ್, ಇನ್ಫರ್ನೊ ಎಂದು ಒಂದೊಂದು ತಂಡಕ್ಕೆ ಒಂದೊಂದು ಹೆಸರು. ಇನ್ಫರ್ನೊ ಡ್ರೈನರ್ 2022ರ ನವೆಂಬರಿನಿಂದ 2023ರ ನವೆಂಬರ್‌ವರೆಗೆ ನಡೆಸಿದ ವ್ಯವಹಾರವನ್ನು ಗ್ರೂಪ್-ಐಬಿ ಎಂಬ ಭದ್ರತಾ ಸಂಸ್ಥೆ ಬಿಡಿಸಿ ನೋಡಿತು. ಒಂದೇ ವರ್ಷದಲ್ಲಿ 16,000ಕ್ಕೂ ಹೆಚ್ಚು ಡೊಮೇನ್, ನೂರಕ್ಕೂ ಹೆಚ್ಚು ಕ್ರಿಪ್ಟೊ ಬ್ರ್ಯಾಂಡುಗಳ ನಕಲು, 8 ಕೋಟಿ ಡಾಲರಿಗೂ ಮೀರಿದ ಕಳವು. ತಾಣ ಹಾಕಿ ಜನರನ್ನು ಸೆಳೆಯುವುದು ಬಾಡಿಗೆಗೆ ಪಡೆದವರ ಕೆಲಸ. ಕದ್ದದ್ದರಲ್ಲಿ ಶೇ 20ರಷ್ಟು ಡ್ರೈನರ್ ಮಾಡಿದವರ ಪಾಲು. ಈ ಹಂಚಿಕೆಯೂ ಬ್ಲಾಕ್‌ಚೈನ್ ಮೇಲೆ ತಾನಾಗಿಯೇ ನಡೆದುಹೋಗುತ್ತದೆ. ಸ್ಕ್ಯಾಮ್ ಸ್ನಿಫರ್ ಎಂಬ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಇಂಥ ಡ್ರೈನರ್‌ಗಳಿಂದ ಹೋದದ್ದು 49.4 ಕೋಟಿ ಡಾಲರ್, ಕಳೆದುಕೊಂಡ ವ್ಯಾಲೆಟ್ ವಿಳಾಸಗಳು ಮೂರು ಲಕ್ಷದ ಮೂವತ್ತೆರಡು ಸಾವಿರ. ಡೊಮೇನಿಗೆ ಕೆಲವು ನೂರು ರೂಪಾಯಿ ಸಾಕು. ಹೀಗಿರುವಾಗ ಒಂದೊಂದೇ ತಾಣವನ್ನು ಕೆಡವುತ್ತ ಹೋದರೆ ಈ ವ್ಯಾಪಾರ ನಿಲ್ಲುವುದಿಲ್ಲ. ಹಾಗೆಂದು ಕೆಡವದೆ ಬಿಡುವಂತೆಯೂ ಇಲ್ಲ.

ಪತ್ತೆ ಹಚ್ಚುವವರಿಗೆ ಸಿಕ್ಕಿರುವ ದೊಡ್ಡ ವರ ಬೇರೊಂದು ಅವಘಡದಿಂದ ಹುಟ್ಟಿದ್ದು. 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್ ಎಂಬ ಪ್ರಮಾಣಪತ್ರ ಸಂಸ್ಥೆಗೆ ಕನ್ನ ಹಾಕಿದವರು ಗೂಗಲ್ ಹೆಸರಿನಲ್ಲೇ ಸುಳ್ಳು ಪ್ರಮಾಣಪತ್ರ ಸೃಷ್ಟಿಸಿಕೊಂಡರು. ಅಂಥದ್ದು ಗುಟ್ಟಾಗಿ ಮತ್ತೆ ನಡೆಯಬಾರದೆಂದು, ಜಾಲತಾಣಗಳಿಗೆ ಕೊಡುವ ಪ್ರತಿಯೊಂದು ಪ್ರಮಾಣಪತ್ರವನ್ನೂ ಸಾರ್ವಜನಿಕ ದಾಖಲೆಗೆ ಏರಿಸುವ ವ್ಯವಸ್ಥೆ ಬಂತು. ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಎಂಬುದು ಅದರ ಹೆಸರು. ಕ್ರೋಮ್ ಬ್ರೌಸರ್ 2018ರ ಏಪ್ರಿಲ್ ಕೊನೆಯಿಂದ ಹೊಸ ಪ್ರಮಾಣಪತ್ರಗಳಿಗೆ ಇದನ್ನು ಕಡ್ಡಾಯ ಮಾಡಿತು. ಪ್ರಮಾಣಪತ್ರವಿಲ್ಲದ ತಾಣವನ್ನು ಜನ ನಂಬುವುದಿಲ್ಲವಾದ್ದರಿಂದ ಕಳ್ಳನೂ ಪ್ರಮಾಣಪತ್ರ ಪಡೆಯಲೇಬೇಕು. ಪಡೆದ ಕೂಡಲೇ ಅವನ ತಾಣದ ಹೆಸರು ಜಗಜ್ಜಾಹೀರು. ಮೆಟಾಮಾಸ್ಕ್, ಲೆಜರ್, ಟ್ರೆಜರ್ ಮುಂತಾದ ವ್ಯಾಲೆಟ್ಟುಗಳ ಹೆಸರನ್ನೋ ಅದರ ತಿರುಚಿದ ರೂಪವನ್ನೋ ಹೊತ್ತ ಡೊಮೇನುಗಳನ್ನು ಈ ಹರಿವಿನಿಂದ ಸೋಸಿ ತೆಗೆಯಲು ಸಣ್ಣದೊಂದು ಪ್ರೋಗ್ರಾಂ ಸಾಕು. ಕಾಲೇಜು ಹುಡುಗ ಹುಡುಗಿಯರು ಬರೆಯಬಹುದಾದಷ್ಟು ಸರಳ ಕೆಲಸ ಅದು. ತಾಣ ಇನ್ನೂ ಖಾಲಿ ಇರುವಾಗಲೇ, ಮೊದಲ ಬಲಿ ಬೀಳುವ ಮುಂಚೆಯೇ ಹೆಸರು ಸಿಗುತ್ತದೆ.

ಹೆಸರಿನ ಹೋಲಿಕೆಯನ್ನು ಅಳೆಯುವುದಕ್ಕೂ ಲೆಕ್ಕವಿದೆ. ಒಂದು ಪದವನ್ನು ಇನ್ನೊಂದಾಗಿ ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸುವುದೇ ಆ ವಿಧಾನ. ನಕಲಿ ತಾಣಗಳನ್ನು ತಡೆಯಲು ಮೆಟಾಮಾಸ್ಕ್ ನಡೆಸುವ ಮುಕ್ತ ತಡೆಪಟ್ಟಿಯಲ್ಲಿ ಇದೂ ಉಂಟು. ಆದರೆ ತಾಣದ ಹೆಸರಿನಲ್ಲಿ ಬ್ರ್ಯಾಂಡೇ ಇಲ್ಲದಿದ್ದರೆ ಇದು ಕೆಲಸಕ್ಕೆ ಬಾರದು. ಆಗ ತಾಣದೊಳಗಿನ ಕುರುಹು ಹುಡುಕಬೇಕು. ಇನ್ಫರ್ನೊ ತಂಡ ತನ್ನ ಕೋಡಿನ ಕಡತಗಳಿಗೆ ಸೀಪೋರ್ಟ್, ವ್ಯಾಲೆಟ್‌ಕನೆಕ್ಟ್, ಕಾಯಿನ್‌ಬೇಸ್ ಎಂದು ಸಾಚಾ ಹೆಸರುಗಳನ್ನಿಟ್ಟಿತ್ತು. ಅದೇ ಹೆಸರಿನ ಕಡತದಲ್ಲಿ ಅಸಲಿಗೆ ಹೊಂದದ ಕೋಡ್ ಕಂಡರೆ ಅದೇ ಸುಳಿವು. ಒಂದೇ ಸರಂಜಾಮಿನಿಂದ ಕಟ್ಟಿದ ಸಾವಿರ ತಾಣಗಳಲ್ಲಿ ಕಡತದ ಜೋಡಣೆ, ಚಿತ್ರಗಳು, ಹಣ ಹೋಗಿ ಸೇರುವ ವಿಳಾಸ ಇವು ಮತ್ತೆ ಮತ್ತೆ ಕಾಣಿಸುತ್ತವೆ. ಒಂದನ್ನು ಚೆನ್ನಾಗಿ ಓದಿಕೊಂಡವರು ಉಳಿದವನ್ನು ಗುಂಪಿನಲ್ಲೇ ಹಿಡಿಯಬಲ್ಲರು. ನನಗೆ ಈ ಕ್ಷೇತ್ರದಲ್ಲಿ ಅತ್ಯಂತ ಭರವಸೆ ಹುಟ್ಟಿಸುವ ಸಂಗತಿ ಇದೇ.

ಕಳ್ಳರೂ ಸುಮ್ಮನಿಲ್ಲ. ಬಂದವರು ಯಾರೆಂದು ನೋಡಿ ಮುಖ ಬದಲಿಸುವ ತಾಣಗಳು ಈಗ ಸಾಮಾನ್ಯ. ಮೊಬೈಲಿನಿಂದ, ಇಂಥ ದೇಶದಿಂದ, ಇಂಥದ್ದೇ ಜಾಹೀರಾತು ಒತ್ತಿ ಬಂದವರಿಗೆ ಮಾತ್ರ ನಕಲಿ ವ್ಯಾಲೆಟ್ ಕಾಣಿಸುತ್ತದೆ. ಭದ್ರತಾ ಸಂಸ್ಥೆಯ ಸರ್ವರಿನಿಂದ ಬಂದವರಿಗೆ ಅಡುಗೆಯ ಬ್ಲಾಗೋ ಖಾಲಿ ಪುಟವೋ ಸಿಗುತ್ತದೆ. ದೂರು ಕೊಟ್ಟವರು ಹೇಳಿದ್ದನ್ನು ಪರಿಶೀಲಿಸಲು ಹೋದವರಿಗೆ ಏನೂ ಕಾಣುವುದಿಲ್ಲ, ದೂರು ಮುಚ್ಚಿಹೋಗುತ್ತದೆ. ಸೆಕ್ಯುರಿಟಿ ಅಲಯನ್ಸ್ ಎಂಬ ಲಾಭರಹಿತ ಸಂಘಟನೆ 2025ರಲ್ಲಿ ಇದಕ್ಕೊಂದು ಉಪಾಯ ಮುಂದಿಟ್ಟಿತು. ದೂರುದಾರರ ಬ್ರೌಸರಿಗೆ ತಾಣ ಕಳಿಸಿದ್ದು ಏನು ಎಂಬುದನ್ನು ಗೂಢಲಿಪಿಯ ಸಾಕ್ಷ್ಯದೊಂದಿಗೆ ದಾಖಲಿಸುವ ಸಾಧನ ಅದು. ‘ನಮಗೆ ಕಾಣಲಿಲ್ಲ’ ಎಂಬ ಉತ್ತರಕ್ಕೆ ಎದುರಾಗಿ ಇಡಲು ದೂರುದಾರರಿಗೆ ಏನಾದರೂ ಬೇಕಿತ್ತು.

ಕಾಲದ ಲೆಕ್ಕಕ್ಕೆ ಬರೋಣ. 2020ರ ಯೂಸ್‌ನಿಕ್ಸ್ ಭದ್ರತಾ ಸಮ್ಮೇಳನದಲ್ಲಿ ಪ್ರಕಟವಾದ ಅಧ್ಯಯನವೊಂದು ಫಿಶಿಂಗ್ ದಾಳಿಗಳನ್ನು ಹುಟ್ಟಿನಿಂದ ಕೊನೆಯವರೆಗೆ ಹಿಂಬಾಲಿಸಿತು. ಕ್ರಿಪ್ಟೊ ಒಂದನ್ನೇ ಅಲ್ಲ, ಒಟ್ಟಾರೆ ಫಿಶಿಂಗನ್ನು ನೋಡಿದ ಅಧ್ಯಯನ ಅದು. ಮೊದಲ ಬಲಿ ತಾಣಕ್ಕೆ ಬಂದ ಗಳಿಗೆಯಿಂದ ಕೊನೆಯವರು ಬರುವವರೆಗೆ ಸರಾಸರಿ 21 ಗಂಟೆ. ಮೊದಲ ಬಲಿ ಬಂದು ಸರಾಸರಿ ಒಂಬತ್ತು ಗಂಟೆಯಾದ ಮೇಲೆ ಪತ್ತೆ. ಪತ್ತೆಯಾದ ಮೇಲೂ ಬ್ರೌಸರುಗಳ ಕೆಂಪು ಎಚ್ಚರಿಕೆ ಪೂರ್ತಿಯಾಗಿ ಹರಡಲು ಇನ್ನೂ ಏಳು ಗಂಟೆ. ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು: ಎಲ್ಲರೂ ತಮ್ಮ ಕೆಲಸ ಮಾಡಿಯೂ ಕಳ್ಳನ ದುಡಿಮೆಯ ಹೊತ್ತಿನ ಮುಕ್ಕಾಲು ಪಾಲು ಕಳೆದಿರುತ್ತದೆ. ಈ ಗಂಟೆಗಳನ್ನು ಕಡಿಮೆ ಮಾಡದ ಯಾವ ಕ್ರಮವನ್ನೂ ನಾನು ದೊಡ್ಡ ಸಾಧನೆ ಎನ್ನಲಾರೆ.

ಕೆಡವುವುದು ಎಂದರೆ ಒಬ್ಬರಿಗೆ ಬರೆದು ಮುಗಿಸುವ ಪತ್ರವಲ್ಲ. ಡೊಮೇನ್ ಮಾರಿದ ರಿಜಿಸ್ಟ್ರಾರ್ ಒಬ್ಬರು, ತಾಣವನ್ನು ಇಟ್ಟುಕೊಂಡ ಹೋಸ್ಟಿಂಗ್ ಕಂಪನಿ ಇನ್ನೊಂದು, ನಡುವೆ ಕ್ಲೌಡ್‌ಫ್ಲೇರಿನಂಥ ಸೇವೆ ಇದ್ದರೆ ಅಸಲಿ ಹೋಸ್ಟ್ ಯಾರೆಂದು ಹೊರಗಿನಿಂದ ತಿಳಿಯುವುದೇ ಇಲ್ಲ. ಜೊತೆಗೆ ಗೂಗಲ್ ಸೇಫ್ ಬ್ರೌಸಿಂಗಿಗೆ, ಮೈಕ್ರೋಸಾಫ್ಟಿಗೆ, ವ್ಯಾಲೆಟ್ ಕಂಪನಿಗಳಿಗೆ ಬೇರೆ ಬೇರೆ ದೂರು. ಉಚಿತವಾಗಿ ತಾಣ ಕಟ್ಟಲು ಬಿಡುವ ವೇದಿಕೆಗಳ ಉಪಡೊಮೇನಿನಲ್ಲಿ ನಕಲಿ ಇದ್ದರೆ ರಿಜಿಸ್ಟ್ರಾರ್ ಏನೂ ಮಾಡಲಾಗದು, ಮಾಡಿದರೆ ಸಾವಿರಾರು ಸಾಚಾ ತಾಣಗಳೂ ಮುಚ್ಚುತ್ತವೆ. ಐಪಿಎಫ್‌ಎಸ್ ಎಂಬ ಹಂಚಿಕೆ ಜಾಲದಲ್ಲಿಟ್ಟರೆ ಒಂದು ದ್ವಾರ ಮುಚ್ಚಿದಾಗ ಇನ್ನೊಂದರಿಂದ ಅದೇ ಪುಟ ಸಿಗುತ್ತದೆ. ಡೊಮೇನ್ ವಿವಾದಗಳಿಗೆಂದು 1999ರಿಂದ ಇರುವ ಪಂಚಾಯ್ತಿ ವ್ಯವಸ್ಥೆ ವಾರಗಟ್ಟಲೆ ಹಿಡಿಯುತ್ತದೆ. 21 ಗಂಟೆಯ ಕಳ್ಳತನಕ್ಕೆ ಅದರಿಂದ ಪ್ರಯೋಜನವಿಲ್ಲ.

ಒಂದು ಸುಧಾರಣೆ ಆಗಿದೆ, ಅದನ್ನು ಹೇಳಲೇಬೇಕು. ಡೊಮೇನ್ ಹೆಸರುಗಳ ಜಾಗತಿಕ ನಿಯಂತ್ರಕ ಸಂಸ್ಥೆಯಾದ ಐಕ್ಯಾನ್ ರಿಜಿಸ್ಟ್ರಾರುಗಳ ಜೊತೆಗಿನ ತನ್ನ ಕರಾರನ್ನು ತಿದ್ದಿತು. 2024ರ ಏಪ್ರಿಲ್ 5ರಿಂದ ಜಾರಿಗೆ ಬಂದ ಆ ತಿದ್ದುಪಡಿಯಂತೆ ಫಿಶಿಂಗ್ ಬಗ್ಗೆ ಸಾಕಷ್ಟು ಪುರಾವೆ ಸಿಕ್ಕ ರಿಜಿಸ್ಟ್ರಾರ್ ಅದನ್ನು ನಿಲ್ಲಿಸುವ ಕ್ರಮ ಕೈಗೊಳ್ಳಲೇಬೇಕು. ಅದಕ್ಕೂ ಮೊದಲು ದೂರು ಸ್ವೀಕರಿಸಿ ಪರಿಶೀಲಿಸಿದರೆ ಮುಗಿಯುತ್ತಿತ್ತು. ಪುರಾವೆ ಎಂಬ ಮಾತಿನ ಮೇಲೆ ಇಲ್ಲಿ ಎಲ್ಲ ನಿಂತಿದೆ. ಪೂರ್ತಿ ವಿಳಾಸ, ಸಮಯ, ಪರದೆಯ ಚಿತ್ರ, ಯಾವ ಸಾಧನದಿಂದ ನೋಡಿದ್ದು, ಅಸಲಿ ತಾಣ ಯಾವುದು ಇಷ್ಟಿರುವ ದೂರು ಮೇಜಿನಿಂದ ಮುಂದಕ್ಕೆ ಹೋಗುತ್ತದೆ. ‘ಇದು ಮೋಸ, ತೆಗೆಯಿರಿ’ ಎಂಬ ಒಂದು ಸಾಲು ಅಲ್ಲೇ ಉಳಿಯುತ್ತದೆ.

ಜಾಹೀರಾತಿನ ವಿಷಯದಲ್ಲಿ ಮಾತ್ರ ನನಗೆ ತಾಳ್ಮೆ ಉಳಿದಿಲ್ಲ. 2021ರ ನವೆಂಬರಿನಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆ ಬಯಲು ಮಾಡಿದ ಪ್ರಕರಣ ನೋಡಿ. ಗೂಗಲ್ ಹುಡುಕಾಟದಲ್ಲಿ ಫ್ಯಾಂಟಮ್, ಮೆಟಾಮಾಸ್ಕ್ ವ್ಯಾಲೆಟ್ಟುಗಳನ್ನು ಹುಡುಕಿದವರಿಗೆ ಎಲ್ಲಕ್ಕಿಂತ ಮೇಲೆ ಕಾಣುತ್ತಿದ್ದುದು ಕಳ್ಳರು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಕೆಲವೇ ದಿನಗಳಲ್ಲಿ ಐದು ಲಕ್ಷ ಡಾಲರಿಗೂ ಹೆಚ್ಚು ಹೋಯಿತು. ಅದರಲ್ಲಿ ಒಂದು ತಂತ್ರ ಎದೆ ನಡುಗಿಸುವಂಥದ್ದು. ಹೊಸ ವ್ಯಾಲೆಟ್ ಮಾಡಿಕೊಳ್ಳಲು ಬಂದವರಿಗೆ ನಕಲಿ ತಾಣವೇ ಒಂದು ಸೀಡ್ ಫ್ರೇಸ್ ಬರೆದುಕೊಡುತ್ತಿತ್ತು. ಅದು ಕಳ್ಳನದೇ ವ್ಯಾಲೆಟ್ಟಿನ ಸೀಡ್. ಅವರು ಅದನ್ನು ಜೋಪಾನವಾಗಿ ಕಾಗದದಲ್ಲಿ ಬರೆದಿಟ್ಟುಕೊಂಡು, ಯಾರಿಗೂ ಹೇಳದೆ, ತಮ್ಮ ಹಣವನ್ನು ತಾವೇ ಕಳ್ಳನ ಪೆಟ್ಟಿಗೆಗೆ ತುಂಬಿದರು. ಹೇಳಿಕೊಟ್ಟ ಪ್ರತಿಯೊಂದು ಎಚ್ಚರವನ್ನೂ ಪಾಲಿಸಿದವರು ಕಳೆದುಕೊಂಡ ಹಣ ಅದು. ಇಂಥವರಿಗೆ ಜಾಗರೂಕತೆಯ ಪಾಠ ಹೇಳುವುದು ಅನ್ಯಾಯ. ಜಾಹೀರಾತಿನ ಹಣ ಎಣಿಸಿಕೊಂಡವರು ಜಾಹೀರಾತು ಕೊಟ್ಟವನು ಯಾರೆಂದು ಮುಂಚೆಯೇ ನೋಡಬೇಕು.

ತಡೆಪಟ್ಟಿಗಳಿಗೂ ಒಂದು ಮಿತಿ ಇದೆ. ಪಟ್ಟಿಗೆ ತಪ್ಪಾಗಿ ಸೇರಿದ ಸಾಚಾ ತಾಣದ ವ್ಯಾಪಾರ ಆ ಗಳಿಗೆಯಿಂದಲೇ ನಿಲ್ಲುತ್ತದೆ. ಹೋಲಿಕೆಯ ಲೆಕ್ಕ ಸಡಿಲವಾದರೆ ಕಳ್ಳರು ನುಸುಳುತ್ತಾರೆ, ಬಿಗಿಯಾದರೆ ಅಮಾಯಕರು ಸಿಕ್ಕಿಬೀಳುತ್ತಾರೆ. ಮೆಟಾಮಾಸ್ಕ್ ಪಟ್ಟಿ ಎಲ್ಲರಿಗೂ ಕಾಣುವಂತೆ ಗಿಟ್‌ಹಬ್‌ನಲ್ಲಿ ಇರುವುದರಿಂದ ತಪ್ಪನ್ನು ಯಾರು ಬೇಕಾದರೂ ಎತ್ತಿ ತೋರಿಸಬಹುದು. ಮುಚ್ಚಿದ ಪಟ್ಟಿಗಳಿಗಿಂತ ಇದು ಮೇಲು.

ಇನ್ನು ಅತಿ ಕಠಿಣವಾದ ಭಾಗ. ನಕಲಿ ತಾಣವೇ ಇಲ್ಲದಿದ್ದರೆ? 2018ರ ಏಪ್ರಿಲ್ 24ರಂದು ಮೈಈಥರ್‌ವ್ಯಾಲೆಟ್ ತಾಣಕ್ಕೆ ಸರಿಯಾದ ವಿಳಾಸವನ್ನೇ ಟೈಪ್ ಮಾಡಿ ಹೋದವರು ಕಳ್ಳರ ಸರ್ವರ್ ತಲುಪಿದರು. ಅಂತರಜಾಲದ ದಾರಿಸೂಚಿಯನ್ನೇ ತಿರುಚಿ, ಅಮೆಜಾನಿನ ಹೆಸರು-ವಿಳಾಸ ಸೇವೆಗೆ ಹೋಗಬೇಕಿದ್ದ ಪ್ರಶ್ನೆಗಳನ್ನು ಸುಮಾರು ಎರಡು ಗಂಟೆ ತಮ್ಮ ಕಡೆಗೆ ಎಳೆದುಕೊಂಡಿದ್ದರು. ಹೋದದ್ದು ಒಂದೂವರೆ ಲಕ್ಷ ಡಾಲರಿನಷ್ಟು. ಅವತ್ತು ಉಳಿದವರು ಬ್ರೌಸರ್ ಕೊಟ್ಟ ಪ್ರಮಾಣಪತ್ರದ ಎಚ್ಚರಿಕೆಯನ್ನು ದಾಟದೆ ಹಿಂದಕ್ಕೆ ಬಂದವರು. 2021ರ ನವೆಂಬರಿನಲ್ಲಿ ಬ್ಯಾಡ್ಜರ್‌ಡಿಎಒ ಎಂಬ ಸಂಸ್ಥೆಯ ಸ್ವಂತ ತಾಣಕ್ಕೆ, ಅದರ ಕ್ಲೌಡ್‌ಫ್ಲೇರ್ ಖಾತೆಯ ಮೂಲಕ, ಯಾರೋ ತಮ್ಮ ಕೋಡ್ ಸೇರಿಸಿದರು. ಅದು ಯಾವಾಗಲೂ ಓಡುತ್ತಿರಲಿಲ್ಲ, ಆಗಾಗ ಕಾಣಿಸಿಕೊಂಡು ಮರೆಯಾಗುತ್ತಿತ್ತು. ಡಿಸೆಂಬರಿನಲ್ಲಿ ಸುಮಾರು 12 ಕೋಟಿ ಡಾಲರ್ ಹೋಯಿತು. 2023ರ ಡಿಸೆಂಬರ್ 14ರಂದು ಲೆಜರ್ ಕಂಪನಿ ಬಿಟ್ಟುಹೋಗಿದ್ದ ಉದ್ಯೋಗಿಯೊಬ್ಬರು ಫಿಶಿಂಗಿಗೆ ಸಿಲುಕಿದರು. ಅವರ ಖಾತೆಯ ಮೂಲಕ, ನೂರಾರು ತಾಣಗಳು ಬಳಸುತ್ತಿದ್ದ ಒಂದು ಜೋಡಣೆ ಕೋಡಿಗೆ ಡ್ರೈನರ್ ಸೇರಿಕೊಂಡಿತು. ಸುಮಾರು ಆರು ಲಕ್ಷ ಡಾಲರ್ ಕಳೆಯಿತು.

ಈ ಸಾಲಿನ ತುತ್ತತುದಿ 2025ರ ಫೆಬ್ರುವರಿ 21ರ ಬೈಬಿಟ್ ಪ್ರಕರಣ. ಆ ವಿನಿಮಯ ಸಂಸ್ಥೆಯ ಅಧಿಕಾರಿಗಳು ಸಹಿ ಹಾಕಲು ಬಳಸುತ್ತಿದ್ದುದು ಸೇಫ್ ವ್ಯಾಲೆಟ್ ಎಂಬ ಹೆಸರುವಾಸಿ ತಾಣ. ಅದರ ಡೆವಲಪರ್ ಒಬ್ಬರ ಕಂಪ್ಯೂಟರ್ ಹಿಡಿದವರು ಎರಡು ದಿನ ಮುಂಚೆ ತಾಣದ ಕೋಡ್ ಬದಲಿಸಿದ್ದರು. ಬದಲಾದ ಕೋಡ್ ಬೈಬಿಟ್ ವ್ಯಾಲೆಟ್ ಬಂದಾಗ ಮಾತ್ರ ಕೆಲಸ ಮಾಡುವಂತಿತ್ತು. ಪರದೆಯ ಮೇಲೆ ಎಂದಿನ ವರ್ಗಾವಣೆ ಕಂಡಿತು, ಸಹಿ ಬಿದ್ದದ್ದು ಬೇರೆಯದಕ್ಕೆ. ಸುಮಾರು 150 ಕೋಟಿ ಡಾಲರ್ ಹೋಯಿತು. ಇದು ಉತ್ತರ ಕೊರಿಯಾದ ಕೈವಾಡ ಎಂದು ಎಫ್‌ಬಿಐ ಹೇಳಿತು. ಇಲ್ಲಿ ಕೆಡವಲು ಯಾವ ನಕಲಿ ಡೊಮೇನೂ ಇರಲಿಲ್ಲ, ಯಾವ ತಡೆಪಟ್ಟಿಯೂ ಇದನ್ನು ಹಿಡಿಯುತ್ತಿರಲಿಲ್ಲ.

ಆದ್ದರಿಂದಲೇ ಕೊನೆಯ ಕಾವಲು ಸಹಿಯ ಪರದೆಯಲ್ಲಿ ಇರಬೇಕೆಂಬುದು ನನ್ನ ನಿಲುವು. ಸಹಿ ಹಾಕುವ ಮುಂಚೆ ಆ ವಹಿವಾಟನ್ನು ಪ್ರಯೋಗವಾಗಿ ನಡೆಸಿ ನೋಡಿ, ನಿಮ್ಮ ಬಳಿಯಿಂದ ಇಷ್ಟು ಹೋಗುತ್ತದೆ, ಬದಲಿಗೆ ಏನೂ ಬರುವುದಿಲ್ಲ ಎಂದು ವ್ಯಾಲೆಟ್ಟೇ ಹೇಳುವ ತಂತ್ರ ಈಗ ಬಂದಿದೆ. ಬ್ಲಾಕ್‌ಏಡ್, ಬ್ಲೋಫಿಶ್ ಮುಂತಾದ ಕಂಪನಿಗಳು ಬೆಳೆಸಿದ ಈ ತಪಾಸಣೆ ದೊಡ್ಡ ವ್ಯಾಲೆಟ್ಟುಗಳೊಳಗೆ ಸೇರಿದೆ. ತಾಣದ ಹೆಸರು ಏನೇ ಇರಲಿ, ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಇದು ನೋಡುತ್ತದೆ. ಇದನ್ನೂ ದಾಟಲು ಪ್ರತಿ ಬಲಿಗೂ ಹೊಸ ವಿಳಾಸ ಸೃಷ್ಟಿಸುವ ಡ್ರೈನರ್‌ಗಳು ಬಂದಿವೆ. ಆದರೂ ಹದಿನಾರಂಕಿಯ ಲಿಪಿಯಲ್ಲಿ ಅರ್ಥವಾಗದ ಸಾಲು ತೋರಿಸಿ ಒಪ್ಪಿಗೆ ಕೇಳುತ್ತಿದ್ದ ಕಾಲಕ್ಕಿಂತ ಇದು ಎಷ್ಟೋ ವಾಸಿ. ಒಪ್ಪಿಗೆಯ ಮಾತು ಓದುವವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕಾದ್ದು ಸೌಜನ್ಯವಲ್ಲ, ಭದ್ರತೆಯ ಭಾಗ. ಹುಬ್ಬಳ್ಳಿಯಲ್ಲೋ ಮಂಡ್ಯದಲ್ಲೋ ವ್ಯಾಲೆಟ್ ಇಟ್ಟುಕೊಂಡವರಿಗೂ ಇದು ಸಲ್ಲಬೇಕು.

ನಮ್ಮ ದೇಶದ ಕಡೆಯಿಂದಲೂ ಒಂದು ಪ್ರಕರಣ ಈ ಇತಿಹಾಸದಲ್ಲಿ ದಾಖಲಾಗಿದೆ. ಕಾಯಿನ್‌ಬೇಸ್ ಎಂಬ ಕ್ರಿಪ್ಟೊ ವಿನಿಮಯ ಕಂಪನಿಯ ಅಸಲಿ ತಾಣದ ವಿಳಾಸ ಪ್ರೊ.ಕಾಯಿನ್‌ಬೇಸ್.ಕಾಮ್ ಎಂದಿತ್ತು. ಕಾಯಿನ್‌ಬೇಸ್‌ಪ್ರೊ.ಕಾಮ್ ಎಂಬ ನಕಲು ಹಾಕಿ, ಗ್ರಾಹಕ ಸೇವೆಯವರಂತೆ ಫೋನಿನಲ್ಲಿ ಮಾತಾಡಿ, ದೂರದಿಂದಲೇ ಕಂಪ್ಯೂಟರ್ ಹಿಡಿತಕ್ಕೆ ತೆಗೆದುಕೊಂಡು ನೂರಾರು ಜನರಿಂದ 2 ಕೋಟಿ ಡಾಲರಿಗೂ ಹೆಚ್ಚು ದೋಚಿದ ತಂಡದಲ್ಲಿದ್ದ ಭಾರತೀಯನೊಬ್ಬ 2023ರ ಡಿಸೆಂಬರಿನಲ್ಲಿ ಅಮೆರಿಕದ ಅಟ್ಲಾಂಟಾ ವಿಮಾನನಿಲ್ದಾಣದಲ್ಲಿ ಸಿಕ್ಕಿಬಿದ್ದ. ಮರುವರ್ಷ ಅವನಿಗೆ 60 ತಿಂಗಳ ಸೆರೆವಾಸವಾಯಿತು. ಅಸಲಿಗೂ ನಕಲಿಗೂ ಪದಗಳು ಅವೇ, ಜಾಗ ಮಾತ್ರ ಬೇರೆ. ವಿಳಾಸದಲ್ಲಿ ಕೊನೆಯ ಕಾಮ್‌ಗೆ ಒತ್ತಿಕೊಂಡು ಅದರ ಎಡಗಡೆ ಏನಿದೆಯೋ ಅದೇ ಯಜಮಾನ. ಅದಕ್ಕಿಂತ ಮುಂಚೆ ಚುಕ್ಕೆ ಹಾಕಿ ಬರೆದದ್ದನ್ನು ಆ ಯಜಮಾನ ತನಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಶಾಲೆಯ ಕಂಪ್ಯೂಟರ್ ಪಾಠದಲ್ಲಿ ಇಷ್ಟನ್ನು ಹೇಳಿಕೊಡಲು ಒಂದು ಪಿರಿಯಡ್ ಸಾಕು.

ಭಾರತದಲ್ಲಿ ಕಾನೂನಿನ ಕೈಗಳು ಹಲವಿವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ವಿಧಿಯಡಿ ಸೋಗು ಹಾಕಿ ವಂಚಿಸಿದವರಿಗೆ ಮೂರು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷದವರೆಗೆ ದಂಡ. ಸೈಬರ್ ದಾಳಿಯನ್ನು ಸಂಸ್ಥೆಗಳು ಆರು ಗಂಟೆಯೊಳಗೆ ವರದಿ ಮಾಡಬೇಕು, ಕ್ರಿಪ್ಟೊ ಸೇವೆ ಕೊಡುವವರು ಗ್ರಾಹಕರ ದಾಖಲೆಯನ್ನು ಐದು ವರ್ಷ ಇಡಬೇಕು ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ಆದೇಶಿಸಿತು. 2023ರ ಮಾರ್ಚಿನಿಂದ ಕ್ರಿಪ್ಟೊ ಸೇವೆ ಕೊಡುವವರು ಅಕ್ರಮ ಹಣ ತಡೆ ಕಾಯ್ದೆಯ ವ್ಯಾಪ್ತಿಗೂ ಬಂದರು. 2024ರ ಮಾರ್ಚಿನಲ್ಲಿ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರಕ್ಕೆ ಅಕ್ರಮ ತಾಣಗಳನ್ನು ತೆಗೆಸಲು ನೋಟಿಸ್ ಕೊಡುವ ಅಧಿಕಾರ ಸಿಕ್ಕಿತು. ಸೈಬರ್ ವಂಚನೆಯ ದೂರಿಗೆಂದು ಇರುವ 1930 ಸಹಾಯವಾಣಿಯ ಬಲವಿರುವುದು ಬ್ಯಾಂಕುಗಳ ನಡುವೆ ಹಣವನ್ನು ತಡೆಹಿಡಿಯುವುದರಲ್ಲಿ. ನೇರವಾಗಿ ವ್ಯಾಲೆಟ್ಟಿನಿಂದ ವ್ಯಾಲೆಟ್ಟಿಗೆ ಹೋದದ್ದಕ್ಕೆ ತಡೆಹಿಡಿಯುವ ಬ್ಯಾಂಕ್ ಇಲ್ಲ. ಆದರೂ ಆ ಸಹಾಯವಾಣಿಯಲ್ಲಿ ಮತ್ತು ಸೈಬರ್ ಅಪರಾಧ ನೋಡುವ ಜಿಲ್ಲೆಯ ಸೆನ್ ಠಾಣೆಯಲ್ಲಿ ದೂರು ದಾಖಲಿಸುವುದು ವ್ಯರ್ಥವಲ್ಲ.

ಯಾಕೆಂದರೆ ಕಳ್ಳ ಕೊನೆಗೆ ಎಲ್ಲೋ ಒಂದು ಕಡೆ ನಗದು ಮಾಡಬೇಕು. 2022ರ ಆಗಸ್ಟಿನಲ್ಲಿ ಕರ್ವ್ ಫೈನಾನ್ಸ್ ಎಂಬ ಕ್ರಿಪ್ಟೊ ವಿನಿಮಯ ತಾಣದ ಹೆಸರು-ವಿಳಾಸ ದಾಖಲೆ ತಿರುಚಿ ಕದ್ದ ಸುಮಾರು 5.7 ಲಕ್ಷ ಡಾಲರಿನಲ್ಲಿ ನಾಲ್ಕೂವರೆ ಲಕ್ಷ ವಿನಿಮಯ ಸಂಸ್ಥೆ ಬೈನಾನ್ಸ್‌ಗೆ ಹೋಗಿ ಸೇರಿತ್ತು, ಅಲ್ಲೇ ಸಿಕ್ಕಿತು. ಲೆಜರ್ ಪ್ರಕರಣದಲ್ಲಿ ಟೆದರ್ ಕಂಪನಿ ಕಳ್ಳನ ವಿಳಾಸವನ್ನೇ ಸ್ತಂಭನಗೊಳಿಸಿತು. ಟೆದರ್‌ನಂಥ ಸ್ಥಿರ ನಾಣ್ಯಗಳಿಗೆ ಈ ಸಾಧ್ಯತೆ ಇದೆ, ಬಿಟ್‌ಕಾಯಿನ್ ಮತ್ತು ಈಥರ್‌ಗೆ ಇಲ್ಲ. ಹಾಗಾಗಿ ಮೋಸ ಹೋದದ್ದು ತಿಳಿದ ಗಳಿಗೆಯಲ್ಲೇ ಉಳಿದದ್ದನ್ನು ಹೊಸ ಸೀಡ್‌ನ ವ್ಯಾಲೆಟ್ಟಿಗೆ ಸಾಗಿಸಬೇಕು, ಕೊಟ್ಟ ಒಪ್ಪಿಗೆಗಳನ್ನು ರದ್ದು ಮಾಡಬೇಕು, ವಹಿವಾಟಿನ ಹ್ಯಾಶ್ (ಗುರುತು ಸಂಕೇತ) ಮತ್ತು ನಕಲಿ ತಾಣದ ಪೂರ್ತಿ ವಿಳಾಸವನ್ನು ಬರೆದಿಟ್ಟುಕೊಂಡು ಪೊಲೀಸರಿಗೂ ಹಣ ಸೇರಿದ ವಿನಿಮಯ ಸಂಸ್ಥೆಗೂ ಒಟ್ಟಿಗೇ ಕೊಡಬೇಕು. ಹೋದ ಹಣ ವಾಪಸ್ ತರಿಸಿಕೊಡುತ್ತೇವೆ, ಮುಂಗಡ ಶುಲ್ಕ ಕೊಡಿ ಎಂದು ಆಮೇಲೆ ಸಂಪರ್ಕಿಸುವವರು ಬಹುಮಟ್ಟಿಗೆ ಎರಡನೇ ಸುತ್ತಿನ ಕಳ್ಳರು. ಅವರ ತಾಣದ ವಿಳಾಸವನ್ನೂ ಅದೇ ದೂರಿಗೆ ಸೇರಿಸಬೇಕು.